ಹೊತ್ತಿಗೊಂದು

ಕಣ್ಣು ಬಿಟ್ಟಾಗ ನನ್ನ ಮಗ ನನ್ನ ಕಾಲು ಹಿಡಿದುಕೊಂಡು ಅಳುತ್ತಿದ್ದ.

ಮೋಹನ್‌ರಾಜ್‌ಗೆ ಮೂವತ್ತಾರು ವರ್ಷ. ಚಿನ್ನಮನೂರಿನ ಬಾಳೆಕಾಯಿ ಮಂಡಿಯಲ್ಲಿ ಅವನ ಗಂಟಲು ಕೇಳಿದರೆ ಲಾರಿ ಡ್ರೈವರುಗಳು ಬೀಡಿ ಬಿಸಾಕಿ ಎದ್ದು ನಿಲ್ಲುತ್ತಾರೆ. ಅಂಥವನು ತೇನಿಯ ಆಸ್ಪತ್ರೆಯ ಐಸಿಯುನಲ್ಲಿ ಹಸಿರು ಗೌನು ತೊಟ್ಟು, ತಲೆಗೊಂದು ಕಾಗದದ ಟೋಪಿ ಹಾಕಿಕೊಂಡು, ನನ್ನ ಕಾಲಿನ ಹೆಬ್ಬೆರಳಿಗೆ ಹಣೆ ಒತ್ತಿ ಅಳುತ್ತಿದ್ದ.

"ಅಮ್ಮಾ, ನೀ ಅವ್ರನ್ನೇ ಕಟ್ಕೋ. ನಾ ಏನೂ ಸೊಲ್ಲಲ್ಲ. ಸಾಯಾಕ್ ಮಾತ್ರ ಹೋಗ್ಬ್ಯಾಡಮ್ಮ."

ಹತ್ತು ವರ್ಷದಲ್ಲಿ ಅವನು ನನ್ನ ಹತ್ತಿರ ತಮಿಳು ಬಿಟ್ಟು ನಮ್ಮ ಮನೆಮಾತಿನಲ್ಲಿ ಮಾತಾಡಿದ್ದು ಅದೇ ಮೊದಲು. ಅಷ್ಟು ಹೆದರಿದ್ದ.

ನಾನು ಸಾಯಲು ಹೋಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಮಾರ್ಕಯನ್‌ಕೋಟ್ಟೈಯಲ್ಲಿ ಇವತ್ತಿಗೂ ನಾಲ್ಕು ಜನ ಸೇರಿದರೆ ಸಾಕು, ಪೇಚ್ಚಿಯಮ್ಮಾಳ್ ಐವತ್ತೆಂಟನೇ ವಯಸ್ಸಿನಲ್ಲಿ ಪ್ರೇಮಕ್ಕಾಗಿ ಮಾತ್ರೆ ನುಂಗಿದಳು ಎಂದು ಶುರುವಾಗುತ್ತದೆ. ಪ್ರೇಮ ನಿಜ. ಮಾತ್ರೆ ನುಂಗಿದ್ದೂ ನಿಜ. ನಡುವಿನ ಆ 'ಕ್ಕಾಗಿ' ಇದೆಯಲ್ಲ, ಅದು ಶುದ್ಧ ಸುಳ್ಳು.

ಆದರೆ ಆಗ ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು. 'ಯಾರೋ ಸಾಯೋದು' ಎಂದು ಬೈಯಬೇಕೆಂದರೆ ಬರೀ ಉಸಿರು ಬಂತು. ಅವನು ಅದನ್ನು ನಿಟ್ಟುಸಿರು ಎಂದುಕೊಂಡು ಇನ್ನಷ್ಟು ಅತ್ತ.

ಮಗ 'ಕಟ್ಕೋ' ಎಂದ ಆ ಅವರು ಎಂದರೆ ಜೆಯಕುಮಾರ್. ಪೆರಿಯಕುಳಂನಲ್ಲಿ ಮಾವಿನ ಸಸಿಗಳ ನರ್ಸರಿ ಇಟ್ಟಿದ್ದಾರೆ. ಅರವತ್ತೊಂದು ವರ್ಷ, ಹೆಂಡತಿ ತೀರಿಕೊಂಡು ಒಂಬತ್ತು ವರ್ಷ, ಮಕ್ಕಳಿಲ್ಲ. ಅಂಗಿಯ ಕಾಲರಿನೊಳಗೆ ಕರವಸ್ತ್ರ ಮಡಚಿಟ್ಟುಕೊಳ್ಳುವ ಹಳೇ ಕಾಲದ ಮನುಷ್ಯ. ಎರಡು ವರ್ಷದ ಹಿಂದೆ ನಮ್ಮ ತೋಟಕ್ಕೆ ನಲವತ್ತು ಕಸಿ ಸಸಿ ತಂದಿಳಿಸಿದರು. ಕೆಲಸದವನೊಬ್ಬ ಸಸಿಯ ಕುತ್ತಿಗೆ ಹಿಡಿದು ಎತ್ತಿದ್ದಕ್ಕೆ ನಾನು ನಮ್ಮ ಮಾತಿನಲ್ಲಿ ಬೈಯುತ್ತಿದ್ದೆ. ಇವರು ಕೈಯಲ್ಲಿದ್ದ ಸಸಿಯನ್ನು ಕೆಳಗಿಡುವುದನ್ನೂ ಮರೆತು ಕೇಳುತ್ತಾ ನಿಂತರು.

"ಅದು ಯಾವ ಭಾಷೆ?" ಎಂದು ತಮಿಳಿನಲ್ಲಿ ಕೇಳಿದರು. "ತಿಳಿದ ಹಾಗೂ ಇದೆ, ತಿಳಿಯದ ಹಾಗೂ ಇದೆ."

"ನಮ್ಮ ಮನೆಮಾತು. ಕನ್ನಡ."

ನಮ್ಮವರು ಯಾವ ಕಾಲದಲ್ಲಿ ಘಟ್ಟ ಇಳಿದು ಈ ಕಣಿವೆಗೆ ಬಂದರೋ ಯಾರಿಗೂ ನೆನಪಿಲ್ಲ. ಮಾತು ಮಾತ್ರ ಉಳಿದಿದೆ. ಅದೂ ಎಷ್ಟು ಉಳಿದಿದೆ? ನನ್ನ ಗಂಡ ಅಯ್ಯನಾರ್ ಇರುವಷ್ಟು ದಿನ ಅವರ ಜೊತೆ ಆಡುತ್ತಿದ್ದೆ. ಅವರು ಹೋಗಿ ಇಪ್ಪತ್ತು ವರ್ಷ. ಮಗನಿಗೆ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಬರುತ್ತದೆ. ಸೊಸೆ ಮಣಿಮೇಗಲೈ ದಿಂಡಿಗಲ್ಲಿನ ಹುಡುಗಿ, ಒಳ್ಳೆಯವಳು, ಅವಳಿಗೆ ನಮ್ಮ ಮಾತು ಗೊತ್ತಿಲ್ಲ. ಮನೆಯಲ್ಲಿ ನನ್ನ ಮಾತು ಹಸುಗಳಿಗೆ ಮಾತ್ರ ತಿಳಿಯುತ್ತಿತ್ತು.

"ಕಲಿಯುವುದು ಕಷ್ಟವಾ?" ಎಂದರು ಜೆಯಕುಮಾರ್.

"ಸುಲಭ. ನಿಮ್ಮ ಪ ತೆಗೆದು ಹ ಹಾಕಿ. ಪಾಲ್ ಅಂದರೆ ಹಾಲು. ಪೂ ಅಂದರೆ ಹೂ. ಪಲ್ ಅಂದರೆ ಹಲ್ಲು."

"ಅಷ್ಟೇನಾ?"

"ಅಷ್ಟೇ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಹಾಗಾದರೆ ನಾನು ಹೆರಿಯಕುಳಂನವನು. ನೀವು ಹೇಚ್ಚಿಯಮ್ಮಾಳ್."

ನಾನು ನಕ್ಕ ನಗುವಿಗೆ ಪಕ್ಕದ ತೆಂಗಿನ ಮರ ಹಿಡಿದುಕೊಳ್ಳಬೇಕಾಯಿತು. ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ.

ಆಮೇಲೆ ಅವರು ವಾರಕ್ಕೊಮ್ಮೆ ಸಸಿ ನೋಡಲು ಬಂದರು. ನಲವತ್ತು ಸಸಿಯಲ್ಲಿ ಎರಡು ವರ್ಷ, ವಾರವಾರವೂ ನೋಡುವಂಥದ್ದೇನಿರುತ್ತದೆ? ಊರಿನವರೂ ಅದನ್ನೇ ಕೇಳಿದರು. ಸಸಿ ನೋಡಿದ್ದು ಕಡಿಮೆ. ನಾನು ಮಾತಾಡುವಾಗ ನನ್ನ ತುಟಿಯನ್ನೇ ನೋಡುತ್ತಿದ್ದರು.

"ಏನದು ಹಂಗ್ ನೋಡೋದು?" ಎಂದರೆ, "ನಾಲಿಗೆ ಎಲ್ಲಿ ತಾಗುತ್ತೆ ಅಂತ ಕಲಿತಾ ಇದೀನಿ" ಎನ್ನುತ್ತಿದ್ದರು. ಕಲಿಯುವ ಮುಖವೇ ಅಲ್ಲ ಅದು. ನಾನು ಸೆರಗು ಸರಿಮಾಡಿಕೊಂಡು ಇನ್ನೊಂದು ಪದ ಹೇಳಿಕೊಡುತ್ತಿದ್ದೆ. ಬೇಕೆಂದೇ ತುಟಿ ಕೂಡಿಸುವ ಪದ ಹುಡುಕುತ್ತಿದ್ದೆ. ಈ ವಯಸ್ಸಿನಲ್ಲಿ ನಾಚಿಕೆ ಆಗಲಿಲ್ಲವಾ ಎಂದು ಕೇಳುವವರಿಗೆ ಹೇಳುತ್ತೇನೆ: ಆಗಲಿಲ್ಲ.

ಜಗಳ ಹತ್ತಿದ್ದು ಆಸ್ಪತ್ರೆಯ ದೆಸೆಯಿಂದ. ನನಗೆ ತಲೆ ಸುತ್ತುತ್ತಿತ್ತು, ಬಿಪಿ ಏರಿತ್ತು. ಜೆಯಕುಮಾರ್ ತಮ್ಮ ಸ್ಕೂಟರಿನ ಹಿಂದೆ ಕೂರಿಸಿಕೊಂಡು ತೇನಿಯ ಹೃದಯದ ಡಾಕ್ಟರ ಬಳಿ ಕರೆದುಕೊಂಡು ಹೋದರು. ಚಿನ್ನಮನೂರು ಪೇಟೆ ಪೂರ್ತಿ ನೋಡಿತು. ಸಂಜೆ ಮಗ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ.

"ಮಂಡಿಯಲ್ಲಿ ನಾನು ತಲೆ ಎತ್ತಿ ಕೂರುವುದು ಬೇಡವಾ? ಆ ಮನುಷ್ಯ ಇನ್ನೊಂದು ಸಲ ತೋಟಕ್ಕೆ ಕಾಲಿಟ್ಟರೆ ನಾನು ಮನುಷ್ಯನಾಗಿರುವುದಿಲ್ಲ."

ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟೆ. ಅವರೆಲ್ಲ ಅದನ್ನು ದುಃಖ ಎಂದುಕೊಂಡರು. ಅದು ಕೋಪ. ನನ್ನ ಕೋಪಕ್ಕೂ ದುಃಖಕ್ಕೂ ವ್ಯತ್ಯಾಸ ಗೊತ್ತಿಲ್ಲದ ಮಗನನ್ನು ಹೆತ್ತಿದ್ದೇನೆ.

ಡಾಕ್ಟರು ಬರೆದ ಹೊಸ ಮಾತ್ರೆ ಅವತ್ತು ಮೆಡಿಕಲ್ ಶಾಪಿನಲ್ಲಿ ಇರಲಿಲ್ಲ. ಚೀಟಿ ಜೆಯಕುಮಾರ್ ಜೇಬಿನಲ್ಲೇ ಉಳಿಯಿತು. ಎರಡು ದಿನದ ಮೇಲೆ ಅವರು ಮಾತ್ರೆ ತೆಗೆದುಕೊಂಡು ಚಿನ್ನಮನೂರು ಬಸ್‌ಸ್ಟ್ಯಾಂಡಿಗೆ ಬಂದರು. ತೋಟಕ್ಕೆ ಬರುವಂತಿಲ್ಲವಲ್ಲ. ನಾನು ಊರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಅವರು ಕೆಳಗೆ ನಿಂತು, ಎರಡೂ ಕೈ ಎತ್ತಿ, ಮಾತ್ರೆಯ ಹಾಳೆಗಳನ್ನು ಕಂಬಿಯ ನಡುವೆ ನನ್ನ ಕೈಗಿಟ್ಟರು. ಬೆರಳಿಗೆ ಬೆರಳು ತಾಗಿತು. ತಾಗಿದ ಮೇಲೆ ತೆಗೆಯುವುದಕ್ಕೆ ಇಬ್ಬರೂ ತಡಮಾಡಿದೆವು.

"ಹಳೇದು ನಿಲ್ಸು. ಇದು ಹೊತ್ತಿಗೊಂದು," ಎಂದರು, ನಮ್ಮ ಮಾತಿನಲ್ಲಿ, ಪರೀಕ್ಷೆಯಲ್ಲಿ ಫಸ್ಟ್ ಬಂದವರ ಹಾಗೆ. "ಮರೀಬ್ಯಾಡ."

ಬಸ್ಸು ಹೊರಟಿತು. ಇಂಜಿನ್ನಿನ ಸದ್ದಿನಲ್ಲಿ 'ಹಳೇದು ನಿಲ್ಸು' ನನಗೆ ಕೇಳಿಸಲೇ ಇಲ್ಲ, ಅದು ಆಮೇಲೆ ಅವರೇ ಹೇಳಿ ತಿಳಿದದ್ದು. ಕೇಳಿಸಿದ್ದು ಎರಡೇ: ಹೊತ್ತಿಗೊಂದು, ಮರೀಬ್ಯಾಡ. ಆ 'ಮರೀಬ್ಯಾಡ' ಮಾತ್ರೆಗೆ ಹೇಳಿದ್ದಲ್ಲ ಎಂದು ನನಗೆ ಗೊತ್ತಿತ್ತು.

ನಮ್ಮ ಮನೆಯಲ್ಲಿ ಹೊತ್ತು ಎಂದರೆ ಊಟದ ಹೊತ್ತು. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು. ಹಾಗೇ ನುಂಗಿದೆ, ಒಂದು ಹೊತ್ತೂ ತಪ್ಪಿಸದೆ, ಪ್ರತಿ ಸಲವೂ ಅವರ ಮುಖ ನೆನೆದು. ಹಳೇ ಬಿಳಿ ಮಾತ್ರೆ ಇನ್ನೂ ಎರಡು ಹಾಳೆ ಇತ್ತು, ದಂಡ ಯಾಕೆಂದು ಅದನ್ನೂ ನುಂಗಿದೆ. ನಾಲ್ಕನೇ ದಿನ ಬೆಳಗ್ಗೆ ಹಾಲು ಕರೆದು ಎದ್ದವಳಿಗೆ ಕೊಟ್ಟಿಗೆ ತಿರುಗಿತು. ಚೊಂಬು ಬಿದ್ದ ಸದ್ದು ಕೇಳಿಸಿತು, ನಾನು ಬಿದ್ದದ್ದು ಕೇಳಿಸಲಿಲ್ಲ. ಮಣಿಮೇಗಲೈ ನೂರೆಂಟಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆಸಿದಳಂತೆ. ತಲೆದಿಂಬಿನ ಕೆಳಗೆ ಖಾಲಿಯಾದ ಹಾಳೆ ಸಿಕ್ಕಿದ್ದೂ ಅವಳಿಗೇ. ಜಗಳ, ಮೌನ, ಖಾಲಿ ಹಾಳೆ. ಮೂರನ್ನೂ ಕೂಡಿಸಿ ಮನೆಯವರು ತಮಗೆ ತಿಳಿದ ಉತ್ತರ ಬರೆದುಕೊಂಡರು.

ಐಸಿಯುನಲ್ಲಿ ನನಗೆ ಮಾಡಿದ್ದನ್ನೆಲ್ಲ ಹೇಳಿದರೆ ನೀವು ಮಾತ್ರೆ ಮುಟ್ಟುವುದಿಲ್ಲ. ನಾಡಿ ಮೂವತ್ತನಾಲ್ಕಕ್ಕೆ ಇಳಿದಿತ್ತಂತೆ. ಮೇಲಿನ ಬಿಪಿ ಎಪ್ಪತ್ತು. ಕತ್ತಿನ ನರಕ್ಕೊಂದು ಸೂಜಿ, ಎರಡೂ ಕೈಗೆ ಎರಡು. ಮೊದಲು ಕ್ಯಾಲ್ಸಿಯಂ ಇಂಜೆಕ್ಷನ್. ಬಿಪಿ ಎತ್ತಿಹಿಡಿಯಲು ಇನ್ನೊಂದು ಔಷಧಿ, ಪಂಪಿನಿಂದ ಹನಿಹನಿಯಾಗಿ. ಸ್ವಲ್ಪ ಚೇತರಿಸಿದ ಮೇಲೆ ಮೂಗಿನ ಕೊಳವೆಯಿಂದ ಲೀಟರುಗಟ್ಟಲೆ ಔಷಧಿ ನೀರು ಬಿಟ್ಟು ಕರುಳು ತೊಳೆದರು. ಆ ಮಾತ್ರೆ ಇಡೀ ದಿನ ನಿಧಾನವಾಗಿ ಕರಗುವಂಥದ್ದು, ಒಳಗೆ ಇನ್ನೂ ಕರಗುತ್ತಲೇ ಇತ್ತು.

ಅರ್ಧ ಗಂಟೆಗೊಮ್ಮೆ ನರ್ಸ್ ಕಾರ್ತಿಕಾ ಬಂದು ಬೆರಳು ಚುಚ್ಚಿ ಸಕ್ಕರೆ ನೋಡುತ್ತಿದ್ದಳು. ಆಸ್ಪತ್ರೆಯಲ್ಲಿ ಮಾತೆಲ್ಲ ತಮಿಳು, ನಾನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೇನೆ.

"ಪಾಟ್ಟಿ, ಬೆರಳು ಕೊಡಿ."

"ಪಾಟ್ಟಿ ಅನ್ನಬೇಡ, ಅಜ್ಜಿಯಾಗುವಷ್ಟು ವಯಸ್ಸಾಗಿಲ್ಲ ನನಗೆ. ಅಮ್ಮಾ ಅನ್ನು. ನನಗೆ ಸಕ್ಕರೆ ಕಾಯಿಲೆ ಇಲ್ಲ, ಯಾಕೆ ಇನ್ಸುಲಿನ್ ಹಾಕುತ್ತಿದ್ದೀರಿ?"

ಪಕ್ಕದಲ್ಲೇ ಡಾಕ್ಟರಮ್ಮ ಇದ್ದರು. ಚಿಕ್ಕ ವಯಸ್ಸು, ಕಣ್ಣಿನ ಕೆಳಗೆ ಕಪ್ಪು. "ಅಮ್ಮಾ, ಈ ಮಾತ್ರೆ ಹೆಚ್ಚಾದರೆ ಹೃದಯ ಸೋತುಹೋಗುತ್ತೆ. ಆಗ ಅದಕ್ಕೆ ಸಕ್ಕರೆಯೇ ಊಟ. ಆದರೆ ತಾನಾಗಿ ಎತ್ತಿ ತಿನ್ನಲು ಶಕ್ತಿ ಇಲ್ಲ. ಇನ್ಸುಲಿನ್ ತುತ್ತು ಮಾಡಿ ಬಾಯಿಗಿಡುತ್ತೆ. ಅದಕ್ಕೇ ಗ್ಲೂಕೋಸ್ ಜೊತೆಗೆ ಇನ್ಸುಲಿನ್." ಹೇಳಿ, ಧ್ವನಿ ತಗ್ಗಿಸಿದರು. "ನಿಜ ಹೇಳಿ. ಕೋಪದಲ್ಲಿ ಎಲ್ಲವನ್ನೂ ಒಟ್ಟಿಗೆ ನುಂಗಿದಿರಾ?"

"ಒಟ್ಟಿಗೆ ಯಾಕೆ ನುಂಗುತ್ತೇನೆ? ಹೇಳಿದ ಹಾಗೇ ನುಂಗಿದೆ. ಹೊತ್ತಿಗೊಂದು."

"ಹೊತ್ತು ಅಂದರೆ?"

ಕಾರ್ತಿಕಾ ಕಂಬಂ ಕಡೆಯವಳು. ಅವಳ ಅಜ್ಜಿಯ ಮನೆಯಲ್ಲೂ ನಮ್ಮ ಮಾತೇ ಅಂತೆ. ಕೇಳಿದರೆ ತಿಳಿಯುತ್ತೆ, ಆಡಲು ಬರುವುದಿಲ್ಲ. "ಮೂರು ವೇಳೆ, ಮೇಡಂ. ಊಟಕ್ಕೊಂದು," ಎಂದಳು.

"ಇದು ದಿನಕ್ಕೆ ಒಂದೇ ನುಂಗುವ ಮಾತ್ರೆ," ಎಂದರು ಡಾಕ್ಟರಮ್ಮ. "ಮೂರು ಅಂತ ಯಾರು ಹೇಳಿದ್ದು?"

ಯಾರು ಹೇಳಿದ್ದು. ಬಾಯಿಗೆ ಬಂದ ಹೆಸರನ್ನು ಹಾಗೇ ಹಿಡಿದೆ. ಯಾಕೆಂದರೆ ಆ ಗಳಿಗೆಯಲ್ಲಿ ನನಗೆ ಎಲ್ಲ ತಿಳಿದುಹೋಯಿತು. ತಮಿಳಿನಲ್ಲಿ ಪೊಳುದು. ಪೊಳುದು ಬೆಳಗಾಯಿತು, ಪೊಳುದು ಮುಳುಗಿತು, ಪೊಳುದೆಲ್ಲ ದುಡಿದೆ. ಅವರಿಗೆ ಪೊಳುದು ಎಂದರೆ ದಿನ. ನನ್ನ ಜಾಣ ಶಿಷ್ಯ ಪ ತೆಗೆದು ಹ ಹಾಕಿದ್ದರು.

ನನಗೆ ನಗು ಬಂತು. ತಡೆಯಲಾಗದ ನಗು. ಮಾನಿಟರು ಕುಯ್ಯೋ ಎಂದು ಕೂಗಿಕೊಂಡಿತು, ಕಾರ್ತಿಕಾ ಬಗ್ಗಿ ಎದೆಯ ವೈರು ಮುಟ್ಟಿ ನೋಡಿದಳು, ಡಾಕ್ಟರಮ್ಮ ಅಳುತ್ತಿದ್ದೀರಾ ಎಂದು ಕೇಳಿದರು.

"ನೆನಪಿಲ್ಲ," ಎಂದೆ. "ಯಾರು ಹೇಳಿದರೋ ನೆನಪಿಲ್ಲ."

ಸುಳ್ಳು ಹೇಳಿದ್ದಕ್ಕೆ ಕಾರಣ ಎರಡು. ಇಂಥ ಕೇಸು ಬಂದರೆ ಆಸ್ಪತ್ರೆಯವರು ಸ್ಟೇಷನ್ನಿಗೆ ತಿಳಿಸುತ್ತಾರೆ, ಬೆಳಗ್ಗೆ ಪೊಲೀಸರು ಬಂದು ಹೇಳಿಕೆ ಬರೆದುಕೊಳ್ಳುತ್ತಾರೆ ಎಂದು ಕಾರ್ತಿಕಾ ಹೇಳಿದ್ದಳು. ಜೆಯಕುಮಾರ್ ಹೆಸರು ಅಲ್ಲಿಗೆ ಹೋಗುವುದು ಬೇಡ. ಇನ್ನೊಂದು ಕಾರಣ ಹೊರಗೆ ಬೆಂಚಿನ ಮೇಲೆ ಕೂತಿತ್ತು. ನಾನು ಸಾಯಲು ಹೋದೆನೆಂದು ನಂಬಿದ ಮಗ ಒಪ್ಪಿಗೆ ಕೊಟ್ಟಾಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಜೆಯಕುಮಾರ್ ನನ್ನವರು.

ಆ ಮಧ್ಯಾಹ್ನವೆಲ್ಲ ನಾನು ಬಾಯಿ ಮುಚ್ಚಿಕೊಂಡಿದ್ದೆ. ಒಪ್ಪಿಕೊಳ್ಳುತ್ತೇನೆ, ಬಹಳ ಸುಖವಾಗಿತ್ತು.

ಸಂಜೆ ನಾಲ್ಕು ಗಂಟೆಗೆ ಜೆಯಕುಮಾರ್ ಬಂದರು. ಮಗನೇ ಫೋನ್ ಮಾಡಿ ಕರೆಸಿದ್ದನಂತೆ. ಹಸಿರು ಗೌನನ್ನು ಹಿಂದುಮುಂದಾಗಿ ತೊಟ್ಟು ಮಂಚದ ಕಾಲ ಬಳಿ ನಿಂತರು. ಕಣ್ಣು ಕೆಂಪಾಗಿತ್ತು.

"ಯಾಕ್ ಹಿಂಗ್ ಮಾಡ್ದೆ?" ಎಂದರು, ನಮ್ಮ ಮಾತಿನಲ್ಲೇ. "ನಾ ನಿನ್ ಮಗನ್ ಮುಂದೆ ನಿಂತು ನೇರವಾಗಿ ಸೊಲ್ಲಬೇಕಾಗಿತ್ತು. ಕಳ್ಳನ ಹಂಗೆ ಬಸ್ಸಿನ ಕಿಟಕೀಲಿ ನಿಂತೆ. ಅದಕ್ಕೇ ನೀ..."

"ಇಲ್ಲಿ ಹತ್ರ ಬನ್ನಿ."

ಬಂದರು.

"ಹೊತ್ತು ಅಂದ್ರೆ ಏನು?"

"ಏನು?"

"ಪಾಠ ಒಪ್ಪಿಸ್ಕೊಂತಾ ಇದೀನಿ. ಹೊತ್ತು ಅಂದ್ರೆ ಏನು?"

"ಪೊಳುದು. ದಿನ." ಅವರಿಗೆ ಗೊಂದಲವಾಯಿತು. "ಪ ತೆಗ್ದು ಹ. ಸರಿ ತಾನೆ?"

"ನಮ್ ಮನೇಲಿ ದಿನಕ್ಕೆ ಮೂರು ಹೊತ್ತು."

ಅವರ ತುಟಿ ಅಲುಗಿತು, ಏನೋ ಎಣಿಸುವ ಹಾಗೆ. ಆಮೇಲೆ ಕನ್ನಡಕ ತೆಗೆದರು.

"ಒಂಬತ್ತು," ಎಂದರು.

"ಹತ್ತು. ನಾಕನೇ ದಿನ ಬೆಳಗ್ಗೇದು ಬಿಟ್ರಿ."

ಅವರು ಸ್ಟೂಲಿನ ಮೇಲೆ ಕುಸಿದು ಕೂತರು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಆ ಬೆರಳುಗಳ ಸಂದಿಯಲ್ಲಿ ಸಸಿಯ ಮಣ್ಣು ಇನ್ನೂ ಇತ್ತು. ಆ ಮಣ್ಣು ನೋಡಿ ನನ್ನ ಹೊಟ್ಟೆಯೊಳಗೆ ಏನೋ ಕರಗಿತು, ಅದು ಮಾತ್ರೆಯಲ್ಲ.

"ಅಳ್ಬ್ಯಾಡಿ. ಆಗ್ಲೇ ಒಬ್ಬ ಅತ್ತು ಹೋಗಿದಾನೆ."

"ನಾನೇ ನಿನ್ನ ಕೊಂದಿದ್ದೆ, ಹೇಚ್ಚಿ."

"ಕೊಲ್ಲಾಕೆ ಅಷ್ಟು ಸುಲಭದವಳಲ್ಲ ನಾನು. ಈಗ ಕೇಳಿ." ನಾನು ಎಲ್ಲವನ್ನೂ ಹೇಳಿದೆ. ಮಗ ಕಾಲು ಹಿಡಿದದ್ದು, ಒಪ್ಪಿಗೆ ಕೊಟ್ಟದ್ದು, ಬೆಳಗ್ಗೆ ಪೊ‌ಲೀಸು ಬರುವುದು.

ಅವರು ಕನ್ನಡಕವನ್ನು ಮಡಚಿ ಕೈಯಲ್ಲೇ ಹಿಡಿದುಕೊಂಡರು. "ಸಾಯಾಕ್ ಹೋದೆ ಅಂತ ಸೊಲ್ಲಿದ್ರೆ ನಾವು ಒಂದಾಗ್ತೀವಿ. ನಿಜ ಸೊಲ್ಲಿದ್ರೆ ನಿನ್ ಮಗ ನನ್ನ ಸ್ಟೇಷನ್ನಿಗೆ ಕಳಿಸ್ತಾನೆ. ನೀ ಯಾವ್ದು ಸೊಲ್ಲಿದ್ರೂ ನಾ ಹೌದು ಅಂತೀನಿ. ನೀ ಉಸಿರಾಡ್ತಾ ಇದೀಯಲ್ಲ, ನನಗೆ ಅಷ್ಟೇ ಸಾಕು."

"ನನಗೆ ಅಷ್ಟೇ ಸಾಲ್ದು," ಎಂದೆ.

ಸಮಯ ಮುಗಿಯಿತೆಂದು ಕಾರ್ತಿಕಾ ಕರೆದಳು. ಬಾಗಿಲ ಬಳಿ ಅವರು ತಿರುಗಿ ನೋಡಿದರು, ಕನ್ನಡಕವಿಲ್ಲದ ಬರಿಗಣ್ಣಿನಲ್ಲಿ. ಅವರಿಗೆ ನಾನು ಮಸುಕಾಗಿ ಕಂಡಿರಬೇಕು. ನನಗೆ ಅವರು ಪೂರ್ತಿ ಕಂಡರು.

ಬೆಳಗ್ಗೆ ಹತ್ತಕ್ಕೆ ಕಾನ್‌ಸ್ಟೇಬಲ್ ಸತೀಶ್‌ಕುಮಾರ್ ಬಂದ. ಮಗನ ವಯಸ್ಸಿನವನು, ತುಂಬಾ ಮರ್ಯಾದೆಯವನು. ಮಗ, ಸೊಸೆ, ಡಾಕ್ಟರಮ್ಮ ಸುತ್ತ ನಿಂತರು. ಜೆಯಕುಮಾರ್ ಗಾಜಿನ ಬಾಗಿಲಾಚೆ ಬೆಂಚಿನಲ್ಲಿ ಕೂತಿದ್ದರು. ಸತೀಶ್‌ಕುಮಾರ್ ಕೆಲಸ ಹಗುರವಾಗಲೆಂದು ಅರ್ಧ ಮೊದಲೇ ಬರೆದುಕೊಂಡು ಬಂದಿದ್ದ.

"ಓದುತ್ತೇನೆ ಅಮ್ಮಾ, ಸರಿಯಿದ್ದರೆ ಹೆಬ್ಬೆಟ್ಟು ಹಾಕಿ. 'ಕುಟುಂಬದಲ್ಲಿ ಮನಸ್ತಾಪ ಉಂಟಾಗಿ, ಜೀವನದಲ್ಲಿ ಜಿಗುಪ್ಸೆಗೊಂಡು...'"

"ಏನಂದೆ?"

"ಜೀವನದಲ್ಲಿ ಜಿಗುಪ್ಸೆಗೊಂಡು. ಹಾಗೇ ಬರೆಯುವುದು ಅಮ್ಮಾ, ಎಲ್ಲರಿಗೂ."

ಅಲ್ಲಿಯವರೆಗೆ, ಆಣೆ ಮಾಡಿ ಹೇಳುತ್ತೇನೆ, ನಾನು ಇನ್ನೂ ತೂಗಿ ನೋಡುತ್ತಿದ್ದೆ. ಒಂದು ಸುಳ್ಳು, ಅದೂ ನಾನೇ ಹುಟ್ಟಿಸಿದ್ದಲ್ಲ. ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡರೆ ಜನ್ಮದ ಆಸೆ ಕೈಗೆ ಬರುತ್ತದೆ. ಆದರೆ ಜಿಗುಪ್ಸೆಯಂತೆ. ಎರಡು ವರ್ಷದಿಂದ ನಾನು ಎದ್ದ ಕೂಡಲೇ ಕನ್ನಡಿ ನೋಡಿಕೊಳ್ಳುತ್ತೇನೆ. ಬುಧವಾರ ಅವರು ಬರುವರೆಂದು ಮಂಗಳವಾರವೇ ತಲೆಗೆ ಎಣ್ಣೆ ಹಚ್ಚುತ್ತೇನೆ. ಬದುಕಿನ ಮೇಲೆ ನನಗೆ ಇಷ್ಟು ಆಸೆ ಇಪ್ಪತ್ತನೇ ವಯಸ್ಸಿನಲ್ಲೂ ಇರಲಿಲ್ಲ. ಅದನ್ನು ಜಿಗುಪ್ಸೆ ಎಂದು ಸರ್ಕಾರದ ಕಾಗದದಲ್ಲಿ ಬರೆಸಿ, ಅದರ ಮೇಲೆ ಮದುವೆಯಾಗಬೇಕಾ?

"ಅದನ್ನು ಹೊಡೆದು ಹಾಕು," ಎಂದೆ.

"ಅಮ್ಮಾ?"

"ಗೀಟು ಎಳೆ ಅಂದೆ. ನನಗೆ ಜಿಗುಪ್ಸೆ ಇಲ್ಲ. ಓದು ಬರಹ ಬರುತ್ತೆ, ಹೆಬ್ಬೆಟ್ಟೂ ಬೇಡ. ಬರೆದುಕೋ. ಆ ಮಾತ್ರೆ ತಂದುಕೊಟ್ಟವರು ಜೆಯಕುಮಾರ್. ದಿನಕ್ಕೊಂದು ಎಂದು ಹೇಳಲು ಹೋಗಿ, ನಾನು ಕಲಿಸಿದ ಮಾತಿನಲ್ಲಿ ಹೊತ್ತಿಗೊಂದು ಎಂದರು. ನಾನು ಮೂರು ಹೊತ್ತು ನುಂಗಿದೆ. ಹಳೇ ಮಾತ್ರೆಯನ್ನೂ ಸೇರಿಸಿ ನುಂಗಿದ್ದು ನನ್ನ ದಡ್ಡತನ. ನಾನು ಸಾಯಲು ಹೋಗಿಲ್ಲ. ಗುಣವಾಗಲು ಹೋಗಿ ಬಿದ್ದೆ."

ಸತೀಶ್‌ಕುಮಾರನ ಪೆನ್ನು ನಿಂತಿತು. "ಹೊತ್ತು ಅನ್ನುವುದನ್ನು ಹೇಗೆ ಬರೆಯಲಿ?"

ಕಾರ್ತಿಕಾ ಅವನಿಗೆ ಬಿಡಿಸಿ ಹೇಳಿದಳು. ತನ್ನ ಅಜ್ಜಿಯೂ ಹಾಗೇ ಅನ್ನುತ್ತಾರೆ, ತಾನೂ ಚಿಕ್ಕಂದಿನಲ್ಲಿ ಹೀಗೇ ತಪ್ಪು ತಿಳಿದಿದ್ದೆ ಎಂದಳು. ಡಾಕ್ಟರಮ್ಮ ಕೇಸ್ ಹಾಳೆ ತಿರುಗಿಸಿ, ಒಟ್ಟಿಗೆ ನುಂಗಿದವರ ಹಾಗಿಲ್ಲ, ದಿನದಿಂದ ದಿನಕ್ಕೆ ಏರಿದ ಹಾಗೇ ಇದೆ ಎಂದರು.

ನಾನು ನೋಡುತ್ತಿದ್ದದ್ದು ಮಗನ ಮುಖವನ್ನು. ಅದರಲ್ಲಿ ಮೊದಲು ನೆಮ್ಮದಿ ಬಂತು, ಅಮ್ಮ ಸಾಯಲು ಹೋಗಿರಲಿಲ್ಲ ಎಂಬ ನೆಮ್ಮದಿ. ಅದರ ಬೆನ್ನಿಗೇ ಮಂಡಿಯಲ್ಲಿ ಗದರುವ ಮುಖ ಬಂತು.

"ಅಂದರೆ ಅವನು ಕೊಟ್ಟ ಮಾತ್ರೆಯಿಂದಲೇ ಇದೆಲ್ಲ," ಎಂದ. "ಸಾರ್, ಕಂಪ್ಲೇಂಟ್ ಬರೆದುಕೊಳ್ಳಿ. ಅಮ್ಮಾ, ನಾನು ನಿನ್ನೆ ಹೇಳಿದ್ದೆಲ್ಲ ವಾಪಸ್. ಹೆದರಿ ಹೇಳಿದ್ದು. ಅವನ ನೆರಳೂ ಇನ್ನು ನಿನ್ನ ಮೇಲೆ ಬೀಳಬಾರದು."

ಇದು ಬರುತ್ತದೆಂದು ಗೊತ್ತಿತ್ತು. ಗೊತ್ತಿದ್ದೂ ಎದೆ ಉರಿಯಿತು. ಕತ್ತಿನ ಸೂಜಿ ಎಳೆಯುತ್ತಿದ್ದರೂ ಮೊಣಕೈ ಊರಿ ಎದ್ದು ಕೂತೆ. ತಮಿಳು ಬಿಟ್ಟೆ.

"ರಾಜಾ, ಇಲ್ಲಿ ನೋಡು. ನಿನ್ನೆ ನಾ ಸಾಯಾಕ್ ಹೋದವಳು ಅಂತ ನೀ ಅಂದ್ಕೊಂಡೆ, ಅವ್ರನ್ನೇ ಕಟ್ಕೋ ಅಂದೆ. ಇವತ್ತು ನಾ ಬದುಕಾಕ್ ನಿಂತವಳು ಅಂತ ತಿಳೀತು, ಬ್ಯಾಡ ಅಂತೀಯ. ನಿನ್ ಹತ್ರ ನನಗೇನಾದ್ರೂ ಬೇಕು ಅಂದ್ರೆ ನಾ ಸಾಯ್ಲೇಬೇಕಾ?"

ಅವನು ತಿಳಿಯದವನ ಹಾಗೆ ನಟಿಸಲಿಲ್ಲ. ಪೂರ್ತಿ ತಿಳಿದಿತ್ತು. ಮಣಿಮೇಗಲೈಗೆ ಒಂದು ಪದವೂ ತಿಳಿಯದಿದ್ದರೂ ಗಂಡನ ಮುಖ ನೋಡಿ ಎಲ್ಲ ತಿಳಿದವಳ ಹಾಗೆ ತಲೆ ತಗ್ಗಿಸಿದಳು.

"ಕಂಪ್ಲೇಂಟ್ ಕೊಡಬೇಕಾದವಳು ನಾನು," ಎಂದು ಸತೀಶ್‌ಕುಮಾರ್‌ಗೆ ತಮಿಳಿನಲ್ಲೇ ಹೇಳಿದೆ. "ನನಗೆ ಕಂಪ್ಲೇಂಟ್ ಇಲ್ಲ. ಪೆನ್ನು ಕೊಡು."

ಸಹಿ ಹಾಕಿದೆ. ಕೈಯ ಸೂಜಿ ಎಳೆದು 'ಪೇಚ್ಚಿ' ಮೇಲಕ್ಕೂ 'ಯಮ್ಮಾಳ್' ಕೆಳಕ್ಕೂ ಹೋಯಿತು. ಮಗ ಬಾಗಿಲು ತಳ್ಳಿಕೊಂಡು ಹೊರಗೆ ಹೋದ. ಜೆಯಕುಮಾರ್ ಮುಂದೆ ಹಾದು ಹೋಗುವಾಗ ಅವರ ಕಡೆ ತಿರುಗಿಯೂ ನೋಡಲಿಲ್ಲ.

ಮೂರು ದಿನದ ಮೇಲೆ ಮನೆಗೆ ಹೋಗಬಹುದೆಂದರು. ಅಷ್ಟು ದಿನವೂ ಜೆಯಕುಮಾರ್ ಆ ಬೆಂಚು ಬಿಟ್ಟು ಕದಲಿರಲಿಲ್ಲ. ಮಗ ಅವರನ್ನು ಒಳಗೆ ಬಿಡಬಾರದೆಂದಿದ್ದ. ಗಾಜಿನಾಚೆಯಿಂದ ನೋಡುತ್ತಿದ್ದರು, ನಾನು ಈಚೆಯಿಂದ ನೋಡುತ್ತಿದ್ದೆ. ಮದುವೆಗೆ ಮುಂಚೆ ಹುಡುಗ ಹುಡುಗಿಯರು ಹೀಗೇ ನೋಡಿಕೊಳ್ಳುತ್ತಾರಂತೆ. ನನಗೆ ಮೊದಲ ಸಲ ಆ ಭಾಗ್ಯ ಸಿಕ್ಕಿರಲಿಲ್ಲ, ಹದಿನೆಂಟಕ್ಕೆ ಕಣ್ಣು ಮುಚ್ಚಿ ಕೊರಳು ಕೊಟ್ಟಿದ್ದೆ.

ಡಾಕ್ಟರಮ್ಮ ಹೊಸ ಚೀಟಿ ಹಿಡಿದು ಬಂದರು. ಮಗ ಚೀಲ ಹೆಗಲಿಗೇರಿಸಿ ನಿಂತಿದ್ದ.

"ಇನ್ನು ಮೇಲೆ ಬೆಳಗ್ಗೆ ಒಂದು, ಅಷ್ಟೇ," ಎಂದರು. "ಆದರೆ ಕೊಡುವ ಮೊದಲು ನಾಡಿ ಎಣಿಸಬೇಕು. ಗಡಿಯಾರ ನೋಡಿಕೊಂಡು, ಪೂರ್ತಿ ಒಂದು ನಿಮಿಷ. ಅರವತ್ತಕ್ಕಿಂತ ಕಡಿಮೆಯಿದ್ದರೆ ಮಾತ್ರೆ ಕೊಡದೆ ನನಗೆ ಫೋನ್ ಮಾಡಬೇಕು. ಇವರೇ ಎಣಿಸಿಕೊಳ್ಳುವುದು ಬೇಡ, ಬೇರೆಯವರು. ದಿನಾ ಬೆಳಗ್ಗೆ, ಎದ್ದ ಕೂಡಲೇ. ಯಾರು ಮಾಡುತ್ತೀರಿ?"

"ನಾನು," ಎಂದು ಮಗ ಚೀಲ ಇಳಿಸಿದ.

"ಜೆಯಕುಮಾರ್," ಎಂದು ನಾನು ಕರೆದೆ. ಅವರ ಹೆಸರನ್ನು ಮಗನ ಎದುರು, ಅಷ್ಟು ಜೋರಾಗಿ, ಅಲ್ಲಿಯವರೆಗೆ ಕರೆದಿರಲಿಲ್ಲ. "ಒಳಗೆ ಬನ್ನಿ."

ಬಂದರು. ಗಡ್ಡ ಬೆಳೆದಿತ್ತು. ಯಾರನ್ನು ನೋಡಬೇಕೆಂದು ತಿಳಿಯದೆ ಮಂಚವನ್ನು ನೋಡಿದರು.

"ಇವರು ಎಣಿಸುತ್ತಾರೆ," ಎಂದೆ.

ಡಾಕ್ಟರಮ್ಮ ಹುಬ್ಬೇರಿಸಿದರು. "ಹತ್ತು ಮಾತ್ರೆ ಕೊಟ್ಟವರು ಇವರೇ ಅಲ್ಲವಾ?"

"ಇವರೇ. ಒಂದು ಸಲ ತಪ್ಪಿದವರು. ಇನ್ನು ಜನ್ಮದಲ್ಲಿ ತಪ್ಪುವುದಿಲ್ಲ. ಇನ್ನೂ ಒಮ್ಮೆಯೂ ತಪ್ಪದವರ ಕೈಗೆ ಕೊಡಲು ನನಗೆ ಭಯ."

"ಪೆರಿಯಕುಳಂನಿಂದ ದಿನಾ ಬೆಳಗ್ಗೆ ಬಂದು ಮಾಡುವ ಕೆಲಸವಲ್ಲ ಅಮ್ಮಾ."

"ಯಾಕೆ ಬರುತ್ತಾರೆ? ನನ್ನ ಜೊತೆಯೇ ಇರುತ್ತಾರೆ. ಬಾವಿ ಹತ್ತಿರದ ತೋಟದ ಮನೆಯಲ್ಲಿ ಎರಡು ಕೋಣೆಯಿದೆ, ಅದು ನನ್ನ ಹೆಸರಿನಲ್ಲಿದೆ. ಮದುವೆ ಬರೆಸಲು ರಿಜಿಸ್ಟ್ರಾರ್ ಆಫೀಸಿಗೆ ಯಾವಾಗ ಹೋಗಬೇಕು ಎಂದು ಇವರನ್ನು ಇನ್ನೂ ಕೇಳಿಲ್ಲ." ಅವರ ಕಡೆ ತಿರುಗಿದೆ. ಈ ಮಾತು ಅವರಿಗೂ ಹೊಸದು. "ಕೇಳಿಸ್ತಾ?"

"ಕೇಳಿಸ್ತು."

"ಸಮ್ಮತವಾ?"

"ಎರಡು ವರ್ಷದಿಂದ," ಎಂದರು ಜೆಯಕುಮಾರ್.

ಮಗನ ಕಡೆ ನಾನು ನೋಡಲಿಲ್ಲ. ನೋಡಿದ್ದರೆ ಅದು ಅಪ್ಪಣೆ ಕೇಳಿದ ಹಾಗೆ ಆಗುತ್ತಿತ್ತು. ಬಲಗೈ ಮುಂದೆ ಚಾಚಿದೆ, ಅಂಗೈ ಮೇಲಾಗಿ, ಪಟ್ಟಿ ಅಂಟಿಸಿದ ಕೈ. ಡಾಕ್ಟರಮ್ಮ ಅವರ ಮೂರು ಬೆರಳು ಹಿಡಿದು ನನ್ನ ಮಣಿಕಟ್ಟಿನ ಮೇಲೆ, ಹೆಬ್ಬೆರಳ ಕೆಳಗೆ, ಇಟ್ಟರು. "ಒತ್ತಬೇಡಿ. ಸುಮ್ಮನೆ ಇಡಿ. ಸಿಕ್ಕಿತಾ?"

"ಸಿಕ್ಕಿತು," ಎಂದರು.

ನನಗೂ ಸಿಕ್ಕಿತು. ಆ ಬೆರಳ ಕೆಳಗೆ ನನ್ನ ರಕ್ತ ಬಂದು ಬಂದು ತಾಗುವುದು ನನಗೇ ಕೇಳಿಸುತ್ತಿತ್ತು. ಅವರು ಗೋಡೆಯ ಗಡಿಯಾರ ನೋಡುತ್ತಾ ಎಣಿಸತೊಡಗಿದರು, ತುಟಿಯಲ್ಲಿ. ನಲವತ್ತರ ಹತ್ತಿರ ಗಡಿಯಾರ ಬಿಟ್ಟು ನನ್ನ ಮುಖ ನೋಡಿದರು. ಲೆಕ್ಕ ತಪ್ಪಿತು.

"ಮತ್ತೆ ಮೊದಲಿಂದ," ಎಂದರು ಡಾಕ್ಟರಮ್ಮ ಗಂಭೀರವಾಗಿ. ಕಾರ್ತಿಕಾ ಟ್ರೇ ಹಿಡಿದು ಆಚೆ ತಿರುಗಿದಳು, ಭುಜ ಅಲುಗುತ್ತಿತ್ತು.

ಎರಡನೇ ಸಲ ಅವರು ಕಣ್ಣು ಮುಚ್ಚಿ ಎಣಿಸಿದರು. ನಿಮಿಷವನ್ನು ಡಾಕ್ಟರಮ್ಮನೇ ನೋಡಿಕೊಂಡರು. ಅಷ್ಟು ಹೊತ್ತಿಗೆ ಪಕ್ಕದ ಮಂಚದವರ ಕಡೆಯವರು, ಕಸ ಗುಡಿಸುವ ಕಮಲಮ್ಮಾಳ್, ಚೀಟಿ ಕೊಡಲು ಬಂದ ಹುಡುಗಿ, ಎಲ್ಲರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು.

"ಆಯಿತು. ಎಷ್ಟು?"

"ಎಪ್ಪತ್ತೆರಡು."

"ಸರಿ. ಈಗ ಕೈ ಬಿಡಿ."

ಅವರು ಬಿಡಲಿಲ್ಲ. ನಾನೂ ಎಳೆದುಕೊಳ್ಳಲಿಲ್ಲ.

ಮಗ ಬಗ್ಗಿ ನನ್ನ ಕಿವಿಯ ಬಳಿ ಬಂದ. ಕೋಪ ಇನ್ನೂ ಇತ್ತು, ಆದರೂ ನಮ್ಮ ಮಾತಿನಲ್ಲೇ ಹೇಳಿದ. "ಅಮ್ಮಾ, ಎಲ್ರೂ ನೋಡ್ತಾ ಇದಾರೆ."

"ನೋಡ್ಲಿ ಅಂತಾನೇ ಈ ಕೈನ ಕೊಟ್ಟಿರೋದು," ಎಂದೆ.